ಮೇಲಿನ ಷಡ್ಜದಲ್ಲಿ ಹರಿದ ದನಿ

ಲಕ್ಷ್ಮೇಶ್ವರದ ಆ ಮನೆಯ ಪಡಸಾಲೆಯಲ್ಲಿ ಆ ಎರಡು ಸ್ಪೀಕರುಗಳನ್ನು ನೋಡಿದ ಕೂಡಲೇ "ನನ್ನಿಂದ ಆಗೂದಿಲ್ರಿ" ಎಂದು ಹೇಳಿ ಗದಗಿನ ಬಸ್ ಹತ್ತಿಬಿಡಬೇಕಿತ್ತು. ಹೇಳಲಿಲ್ಲ. ಕೊಟ್ಟ ಚಹಾ ಕುಡಿಯುತ್ತ ಅವುಗಳ ಮುಂದೆ ಮೊಳಕಾಲೂರಿ ಕುಳಿತೆ.

ಸೊಂಟದೆತ್ತರದ ತೇಗಿನ ಪೆಟ್ಟಿಗೆಗಳು. ಮುಂದಿನ ಬಟ್ಟೆ ಸರಿಸಿದರೆ ಒಳಗೆ ಬೂದುಬಣ್ಣದ ಕಾಗದದ ಕೋನು, ಊಟದ ತಾಟಿನಷ್ಟು ಅಗಲ. ಮನೆಯ ಯಜಮಾನರ ತಂದೆ ಮುಂಬೈಯಿಂದ ತರಿಸಿದ್ದವು. ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಕೋನನ್ನು ಅಲುಗಿಸುವ ಒಳಗಿನ ತಂತಿಯ ಕಾಯಿಲ್ ಸುಟ್ಟರೆ ಬದಲಿ ಕಾಯಿಲ್ ಎಲ್ಲೂ ಸಿಗುವಂತಿರಲಿಲ್ಲ.

ಯಜಮಾನರು ಶೇಂಗಾ, ಹತ್ತಿಯ ಅಡತಿ ವ್ಯಾಪಾರಿ. ಊರಿನವರಿಗೆ ಸಾಹುಕಾರರು, ನಾನೂ ಹಾಗೇ ಕರೆಯುತ್ತಿದ್ದೆ. ನನಗೆ ಅವರು ಹೇಳಿದ್ದಿಷ್ಟು.

"ನಮ್ಮಕ್ಕನ ಹಾಡು ನಮ್ಮಪ್ಪ ಇದ ಪಡಸಾಲ್ಯಾಗ ಟೇಪ್ ಮಾಡಿಟ್ಟಿದ್ರು. ಅದನ್ನೆಲ್ಲಾ ಈಗ ಕಂಪ್ಯೂಟರಿಗೆ ಹಾಕಿಸೀನಿ. ಎರಡು ಆಂಪ್ಲಿಫಾಯರ್ ತಂದು ನೋಡಿದ್ನಿ, ಯಾವುದರಾಗೂ ಆಕಿ ದನಿ ಆಕಿ ದನಿ ಅನಿಸ್ಲಿಲ್ಲ. ಆಕಿ ಇಲ್ಲೇ ಕುಂತು ಹಾಡಿದಂಗ ಕೇಳಬೇಕ್ರಿ ನನಗ. ಮಾಡಿ ಕೊಡ್ರಿ."

ಅವರ ಅಕ್ಕ ಅಲ್ಲೇ ಕಿಟಕಿಯ ಬಳಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಶಿರಹಟ್ಟಿಯ ಶಾಲೆಯೊಂದರಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಅನ್ನುತ್ತಾರೆ. ಅವರನ್ನು ಈಗಲೂ ಎಲ್ಲರೂ ಅಕ್ಕೋರು ಎಂದೇ ಕರೆಯುತ್ತಿದ್ದರು. ಮೂರು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆಯಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕೊರಳಿನ ಕೆಳಗೆ ಉಸಿರಾಡಲು ಮಾಡಿದ ರಂಧ್ರಕ್ಕೆ ತೆಳುವಾದ ಬಿಳಿ ಬಟ್ಟೆ ಕಟ್ಟಿಕೊಂಡಿದ್ದರು. ಏನಾದರೂ ಹೇಳಬೇಕಾದರೆ ಮಡಿಲಲ್ಲಿದ್ದ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದರು. ಆ ದಿನ ಅವರು ಏನೂ ಬರೆಯಲಿಲ್ಲ. ತಮ್ಮ ಮಾತಾಡುತ್ತಿದ್ದಷ್ಟು ಹೊತ್ತೂ ತಲೆ ಎತ್ತಲಿಲ್ಲ.

ನನಗೆ ಹೆದರಿಕೆಯಾದದ್ದಕ್ಕೆ ಬೇರೆ ಕಾರಣವಿತ್ತು.

ಎರಡು ವರ್ಷದ ಹಿಂದೆ ಮುಂಡರಗಿಯ ಒಂದು ಭಜನಾ ಮಂಡಳಿಗೆ ಆಂಪ್ಲಿಫಾಯರ್ ಮಾಡಿಕೊಟ್ಟಿದ್ದೆ. ಸ್ಪೀಕರಿಗೆ ಹೋಗಬೇಕಾದದ್ದು ಹಿಂದಕ್ಕೂ ಮುಂದಕ್ಕೂ ತೂಗುವ ಕರೆಂಟು. ಆಂಪ್ಲಿಫಾಯರಿನ ಟ್ರಾನ್ಸಿಸ್ಟರ್ ಸುಟ್ಟರೆ ಒಂದೇ ದಿಕ್ಕಿಗೆ ತಳ್ಳುವ ಕರೆಂಟು, ಅಂದರೆ ಡಿ.ಸಿ., ಪೂರ್ತಿ ಜೋರಿನಲ್ಲಿ ಸ್ಪೀಕರಿಗೆ ನುಗ್ಗುತ್ತದೆ. ಆಗ ಕಾಯಿಲ್ ಒಲೆಯ ಹಾಗೆ ಕೆಂಪಗಾಗುತ್ತದೆ. ಮುಂಡರಗಿಯಲ್ಲಿ ಭಜನೆ ನಡೆದಿರುವಾಗಲೇ ಹಾಗಾಯಿತು. ಸ್ಪೀಕರಿನಿಂದ ಹೊಗೆ ಬಂತು, ಹಿಂದಿನ ಪರದೆಗೆ ಬೆಂಕಿ ಹತ್ತಿತು. ಬೆಂಕಿಯನ್ನು ಆರಿಸಿದರು, ಯಾರಿಗೂ ಸುಡಲಿಲ್ಲ. ಆದರೆ ಜನ ಬಾಗಿಲಿಗೆ ನುಗ್ಗಿದಾಗ ಮಂಡಳಿಯ ಹಿರಿಯರೊಬ್ಬರು, ಹಾರ್ಮೋನಿಯಂ ಬಾರಿಸುತ್ತಿದ್ದವರು, ಕಾಲ್ತುಳಿತಕ್ಕೆ ಸಿಕ್ಕಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು.

ಎಲ್ಲರೂ "ಕರೆಂಟ್ ಹೆಚ್ಚುಕಮ್ಮಿ ಆಗಿರಬೇಕು" ಎಂದರು. ನಾನೂ ಹೌದೆಂದೆ. ಡಿ.ಸಿ. ಬಂದರೆ ತಟ್ಟನೆ ಸ್ಪೀಕರನ್ನು ಕಡಿದುಹಾಕುವ ರಿಲೇಯನ್ನು ನಾನು ಆ ಪೆಟ್ಟಿಗೆಯಲ್ಲಿ ಹಾಕಿರಲಿಲ್ಲವೆಂಬುದನ್ನು ಯಾರಿಗೂ ಹೇಳಲಿಲ್ಲ. ಹಾಡು ಹಾಯುವ ದಾರಿಯಲ್ಲಿ ಒಂದು ರಿಲೇ ಬಂದರೂ ಧ್ವನಿಯ ಶುದ್ಧತೆ ಹೋಗುತ್ತದೆಂದು ದೊಡ್ಡ ಆಂಪ್ಲಿಫಾಯರ್ ಮಾಡುವವರು ಬರೆದದ್ದನ್ನು ಓದಿದ್ದೆ. ನಾನೂ ಅವರ ಸಾಲಿಗೆ ಸೇರಬೇಕೆಂದು ಅದನ್ನು ಬಿಟ್ಟಿದ್ದೆ.

ಅಂದಿನಿಂದ ಹೊಸ ಆಂಪ್ಲಿಫಾಯರ್ ಮಾಡಿರಲಿಲ್ಲ. ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಪಂಪ್‌ಸೆಟ್ ಸ್ಟಾರ್ಟರು, ಸ್ಟೆಬಿಲೈಜರು ರಿಪೇರಿ ಮಾಡಿಕೊಂಡಿದ್ದೆ. ಸಾಹುಕಾರರು "ಮಾಡಿ ಕೊಡ್ರಿ" ಎಂದಾಗ ಬಾಯಿಯಿಂದ "ಹೂನ್ರಿ" ಎಂದು ಬಂದದ್ದು ಯಾಕೆಂದು ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಮಾಡುವ ಆಸೆ ಸತ್ತಿರಲಿಲ್ಲ, ಅಷ್ಟೇ.

ಲೆಕ್ಕ ಹಾಕಿ ಒಂದೊಂದು ಬದಿಗೆ ನೂರು ವ್ಯಾಟು ಎಂದು ಗೊತ್ತು ಮಾಡಿದೆ. ಅದಕ್ಕೆ ಐವತ್ತು ಪ್ಲಸ್, ಐವತ್ತು ಮೈನಸ್ ವೋಲ್ಟು ಬೇಕು. ನಿಜ ಹೇಳಬೇಕೆಂದರೆ ಆ ಹಳೇ ಸ್ಪೀಕರುಗಳು ಹತ್ತು ವ್ಯಾಟಿಗೇ ಪಡಸಾಲೆ ತುಂಬುವಂಥವು. ನೂರು ಎಂದದ್ದು ನನ್ನ ಹಮ್ಮು. ಟ್ರಾನ್ಸ್‌ಫಾರ್ಮರನ್ನು ನಾನೇ ಸುತ್ತಿದೆ. ಉಂಗುರದಂಥ ಕಬ್ಬಿಣಕ್ಕೆ ತಾಮ್ರದ ತಂತಿ ಸುತ್ತಿ, ಪದರ ಪದರಕ್ಕೂ ಹಾಳೆ ಕೊಟ್ಟು, ನಾಲ್ಕು ದಿನ. ಮೊದಲ ಹಂತದ ಸಣ್ಣ ಟ್ರಾನ್ಸಿಸ್ಟರುಗಳನ್ನು ಮೀಟರಿನಲ್ಲಿ ಒಂದೊಂದಾಗಿ ಅಳೆದು, ನೂರರಲ್ಲಿ ಹೊಂದುವ ಜೋಡಿಗಳನ್ನಷ್ಟೇ ಆರಿಸಿಕೊಂಡೆ. ಕೆಪಾಸಿಟರುಗಳು ತಂಬಿಗೆಯಷ್ಟು ದಪ್ಪ. ಅವುಗಳಲ್ಲಿ ತುಂಬಿಕೊಂಡ ಕರೆಂಟು ಸ್ವಿಚ್ ಆರಿಸಿದ ಮೇಲೂ ನಿಮಿಷಗಟ್ಟಲೆ ಉಳಿಯುತ್ತದೆ. ಅವುಗಳ ಬಳಿ ಕೈ ಹೋದಾಗಲೆಲ್ಲ, ಕರೆಂಟು ಎದೆ ಹಾಯ್ದು ಹೋಗದಿರಲೆಂದು, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದೆ.

ಮೊದಲ ಸಲ ಕರೆಂಟ್ ಕೊಡುವ ದಿನ ಬೆಳಗ್ಗೆ ಹೆಂಡತಿಯನ್ನು ಮೇನ್ ಸ್ವಿಚ್ ಬಳಿ ನಿಲ್ಲಿಸಿದೆ. ಅವಳು ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಅಳತೆಯ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಬಂದು ನಿಂತಳು.

"ನಾ 'ತಗಿ' ಅಂದ್ಕೂಡ್ಲೇ ತಗೀಬೇಕು," ಎಂದೆ.

"ನೀವು ಅನ್ನೂದ್ರೊಳಗ ಸಪ್ಪಳ ಬಂದ್ರ?"

"ಆಗೂ ತಗೀಬೇಕು."

ಕರೆಂಟು ಬರುವ ದಾರಿಯಲ್ಲಿ ನೂರು ವ್ಯಾಟಿನ ಒಂದು ಬಲ್ಬು ಹಾಕಿದ್ದೆ. ಆಂಪ್ಲಿಫಾಯರ್ ಒಳಗೆ ಏನಾದರೂ ತಪ್ಪಾಗಿದ್ದರೆ ಬಲ್ಬು ಉರಿದು ಕರೆಂಟನ್ನು ತಡೆಯುತ್ತದೆ. ಅದು ಒಮ್ಮೆ ಮಿನುಗಿ ಆರಿತು. ಸರಿ ಇದೆ ಎಂದರ್ಥ. ಬಲ್ಬು ತೆಗೆದು, ಸ್ಪೀಕರಿನ ಬದಲು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದ ದಪ್ಪ ರೆಸಿಸ್ಟರನ್ನು ಹಚ್ಚಿ, ನಿಧಾನವಾಗಿ ಜೋರು ಏರಿಸಿದೆ. ಮೂವತ್ತು ವ್ಯಾಟು. ಐವತ್ತು. ಅರವತ್ತು ದಾಟುವಾಗ ಲವಂಗಿ ಪಟಾಕಿಯಂಥ ಸಪ್ಪಳ. ಕಪ್ಪು ಚೂರೊಂದು ಹಾರಿ ನನ್ನ ಚಷ್ಮಾದ ಗಾಜಿಗೆ ತಾಗಿ ಕೆಳಗೆ ಬಿತ್ತು. ಅವಳು ಆಗಲೇ ಸ್ವಿಚ್ ತೆಗೆದಿದ್ದಳು.

ಚಷ್ಮಾ ಇಲ್ಲದಿದ್ದರೆ ಏನಾಗುತ್ತಿತ್ತೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಚಷ್ಮಾವನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿ, ಗಾಜಿನ ಮೇಲಿನ ಗೀರನ್ನು ಬೆಳಕಿಗೆ ಹಿಡಿದು ನೋಡಿ ತಿರುಗಿ ಕೊಟ್ಟಳು.

ಸಿಡಿದ ಟ್ರಾನ್ಸಿಸ್ಟರನ್ನು ಗರಗಸದಿಂದ ಕೊಯ್ದು ನೋಡಿದೆ. ಒಳಗಿನ ಸಿಲಿಕಾನ್ ಚಿಪ್ಪು ತೊಗರಿಬೇಳೆಯಷ್ಟು ಇರಬೇಕಿತ್ತು. ಎಳ್ಳಿನಷ್ಟಿತ್ತು. ಮೇಲೆ ದೊಡ್ಡ ನಂಬರು ಬರೆದು, ಒಳಗೆ ಸಣ್ಣ ಚಿಪ್ಪು ಹಾಕಿ ಮಾರಿದ ನಕಲಿ ಮಾಲು. ತಪ್ಪು ನನ್ನದಲ್ಲ ಎಂದು ಗೊತ್ತಾಗಿ ಸಮಾಧಾನವಾಯಿತು. ಆ ಸಮಾಧಾನವೇ ಮುಂದೆ ನನ್ನನ್ನು ದಾರಿ ತಪ್ಪಿಸಿತು. ಇನ್ನೊಂದು ಕಡೆಯಿಂದ ಅಸಲಿ ಟ್ರಾನ್ಸಿಸ್ಟರು ತರಿಸಿ, ಒಂದನ್ನು ಕೊಯ್ದು ನೋಡಿಯೇ ಉಳಿದವನ್ನು ಹಾಕಿದೆ. ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಓಡಿಸಿದೆ. ಔಟ್‌ಪುಟ್‌ನಲ್ಲಿ ಡಿ.ಸಿ. ಬರೀ ಹದಿನೆಂಟು ಮಿಲಿವೋಲ್ಟು, ಅಂದರೆ ಇಲ್ಲವೆಂದೇ ಲೆಕ್ಕ. ಒಂದಿಷ್ಟೂ ಕದಲಲಿಲ್ಲ.

ಈ ಸಲವೂ ನಾನು ರಿಲೇ ಹಾಕಿರಲಿಲ್ಲ. ಹಾಕಬೇಕೆಂದಿದ್ದೆ. ಸಾಹುಕಾರರು ಫೋನಿನಲ್ಲಿ, "ಯಾರೋ ತಿಳಿದವ್ರು ಹೇಳಿದ್ರು, ಒಳ್ಳೆ ಆಂಪ್ಲಿಫಾಯರಿನ್ಯಾಗ ರಿಲೇ ಇರೂದಿಲ್ಲಂತ, ಖರೆ ಏನ್ರಿ?" ಎಂದು ಕೇಳಿದ್ದೇ ಸಾಕಾಯಿತು. "ಖರೆ ಐತ್ರಿ" ಎಂದುಬಿಟ್ಟೆ.

ಇಪ್ಪತ್ತು ಕಿಲೋಗಿಂತ ಹೆಚ್ಚಿನ ಪೆಟ್ಟಿಗೆಯನ್ನು ಹಾಸಿಗೆಯಲ್ಲಿ ಸುತ್ತಿ, ಒಂದು ಟಂಟಂ ಆಟೋದಲ್ಲಿ ಲಕ್ಷ್ಮೇಶ್ವರಕ್ಕೆ ಒಯ್ದೆ. ಯಳವತ್ತಿಯ ಹತ್ತಿರ ರಸ್ತೆ ಕೆಟ್ಟಿತ್ತು. ಪ್ರತಿ ತಗ್ಗಿಗೂ ಪೆಟ್ಟಿಗೆಯನ್ನು ತಬ್ಬಿಕೊಂಡು ಕುಳಿತಿದ್ದೆ.

ಮೊದಲು ನನ್ನ ಜೊತೆ ತಂದಿದ್ದ ಹಳೇ ಸ್ಪೀಕರಿಗೆ ಹಚ್ಚಿ ನೋಡಿದೆ. ಸರಿ ಇತ್ತು. ಆಮೇಲೆ ಆ ತೇಗಿನ ಪೆಟ್ಟಿಗೆಗಳಿಗೆ. ಸಾಹುಕಾರರು ಅದಕ್ಕಾಗಿಯೇ ವಿಶೇಷ ವೈರು ತರಿಸಿಟ್ಟಿದ್ದರು, ಹತ್ತಾರು ಎಳೆಗಳನ್ನು ಜಡೆಯ ಹಾಗೆ ಹೆಣೆದದ್ದು, ನೋಡಲು ಚಂದ. ಅದನ್ನೇ ಹಚ್ಚಿದೆ. ಅಕ್ಕೋರ ಹಾಡು ಶುರುವಾಗುತ್ತಿದ್ದಂತೆ ಅಕ್ಕೋರು ಎದ್ದು ಅಡುಗೆಮನೆಗೆ ಹೋದರು.

ಏನು ಧ್ವನಿ ಅದು! ಮಧ್ಯಾಹ್ನದ ರಾಗವೊಂದು ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ತಂಬೂರಿ ಎಡಕ್ಕೆ, ತಬಲಾ ಬಲಕ್ಕೆ, ನಡುವೆ ಮೂವತ್ತು ವರ್ಷದ ಹೆಣ್ಣುಮಗಳೊಬ್ಬಳು ಕುಳಿತಂತೆ. ಸಾಹುಕಾರರು ಕಣ್ಣು ಮುಚ್ಚಿ ಕುಳಿತಿದ್ದರು. ನಾನು ಗೆದ್ದೆ ಎಂದುಕೊಂಡೆ.

ಐದಾರು ನಿಮಿಷವಾಗಿರಬಹುದು. ಅಕ್ಕೋರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತು ಕೈ ಎತ್ತಿದರು. ನಿಲ್ಲಿಸು ಎಂಬಂತೆ. ನಿಲ್ಲಿಸಿದೆ. ಅವರು ನೋಟ್‌ಬುಕ್ಕಿನಲ್ಲಿ ಬರೆದು ತಂದು ತೋರಿಸಿದರು.

"ಮ್ಯಾಲಿನ ಷಡ್ಜಕ್ಕ ಹೋದಾಗ ದನಿ ಹರೀತೈತಿ. ನಂದು ಹಂಗ ಹರೀತಿದ್ದಿಲ್ಲ."

"ಟೇಪ್ ಹಳೇದೈತಲ್ರಿ ಅಕ್ಕೋರ, ಅದಕ್ಕ ಇರ್ಬೇಕು," ಎಂದೆ.

ಅವರು ತಲೆಯಾಡಿಸಿದರು. ಅಲ್ಲ.

"ನನಗಂತೂ ಏನೂ ಕೇಳ್ಸಲಿಲ್ಲವಾ," ಎಂದರು ಸಾಹುಕಾರರು. "ಭಾಳ ಛಲೋ ಐತಿ. ಬಿಡ್ರಿ, ಇರ್ಲಿ ಹಿಂಗ."

ನನಗೂ ಕೇಳಿಸಿರಲಿಲ್ಲ. ಸಾಹುಕಾರರು ಒಪ್ಪಿದ್ದರು. ಅಲ್ಲಿಗೇ ಕೈ ತೊಳೆದುಕೊಂಡು ಬರಬಹುದಿತ್ತು. ಅಕ್ಕೋರು ಮಾತ್ರ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಸುಮ್ಮನೆ ಆಂಪ್ಲಿಫಾಯರಿನ ಬದಿಯ ಹೀಟ್‌ಸಿಂಕಿಗೆ, ಟ್ರಾನ್ಸಿಸ್ಟರಿನ ಕಾವು ಹೀರುವ ಆ ಅಲ್ಯುಮಿನಿಯಂ ಹಲಗೆಗೆ, ಬೆರಳಿಟ್ಟೆ. ಇಟ್ಟಷ್ಟೇ ಬೇಗ ತೆಗೆದೆ. ಕಾದ ಹೆಂಚಾಗಿತ್ತು. ಬೆಟಗೇರಿಯಲ್ಲಿ ಇಡೀ ದಿನ ಓಡಿದರೂ ಉಗುರುಬೆಚ್ಚಗಿದ್ದದ್ದು ಇಲ್ಲಿ ಆರು ನಿಮಿಷಕ್ಕೆ ಹೀಗಾಗಿತ್ತು.

ಸ್ವಿಚ್ ಆರಿಸಿದೆ. ಸ್ಪೀಕರಿನ ವೈರು ಕಿತ್ತೆ. ಇನ್ನು ಐದೋ ಹತ್ತೋ ನಿಮಿಷ ಬಿಟ್ಟಿದ್ದರೆ ಟ್ರಾನ್ಸಿಸ್ಟರು ಹೋಗುತ್ತಿತ್ತು. ತಡೆಯಲು ರಿಲೇ ಇರಲಿಲ್ಲ. ಸ್ಪೀಕರಿನ ಹಿಂದೆಯೇ ಕಿಟಕಿಯ ಪರದೆ ಇತ್ತು. ಅದು ನನ್ನ ಕಣ್ಣಿಗೆ ಬಿದ್ದದ್ದು ಆಗಲೇ.

"ಏನಾತ್ರಿ?" ಎಂದರು ಸಾಹುಕಾರರು.

"ಒಳಗ ಏನೋ ಐತ್ರಿ. ಒಯ್ದು ನೋಡ್ತೀನಿ. ಈ ವೈರನ್ನೂ ಒಯ್ತೀನಿ."

ಗದಗಿನಲ್ಲಿ ಡಿಪ್ಲೊಮಾ ಕಲಿಸುವ ಪರಿಚಯದವರೊಬ್ಬರಿಂದ ಆಸಿಲೋಸ್ಕೋಪು ಕೇಳಿ ತಂದೆ. ಕಿವಿಗೆ ಸಿಗದ್ದನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ. ನನ್ನ ಸಾದಾ ವೈರು ಹಚ್ಚಿದಾಗ ಗೆರೆ ನುಣ್ಣಗಿತ್ತು. ಹೆಣೆದ ವೈರು ಹಚ್ಚಿ ಜೋರು ಏರಿಸಿದೆ. ಅಲೆಯ ನೆತ್ತಿಯಲ್ಲಿ ಗೆರೆ ದಪ್ಪವಾಯಿತು, ಕಂಬಳಿಹುಳುವಿನ ಬೆನ್ನಿನ ಹಾಗೆ ರೋಮ ಎದ್ದು ನಿಂತಿತು. ಆಂಪ್ಲಿಫಾಯರು ಹಾಡನ್ನು ದೊಡ್ಡದು ಮಾಡುವುದರ ಜೊತೆಗೆ ತನ್ನಷ್ಟಕ್ಕೆ ತಾನೇ ಕಂಪಿಸುತ್ತಿತ್ತು, ಮನುಷ್ಯರ ಕಿವಿಗೆ ನಿಲುಕದಷ್ಟು ವೇಗದಲ್ಲಿ. ಒತ್ತೊತ್ತಾಗಿ ಹೆಣೆದ ವೈರು ತಾನೇ ಒಂದು ಕೆಪಾಸಿಟರಿನಂತೆ ವರ್ತಿಸಿ ಅದನ್ನು ಕೆರಳಿಸುತ್ತಿತ್ತು. ಜೋರಾದ ಸ್ವರ ಬಂದಾಗ ಮಾತ್ರ. ಅದರ ಸಣ್ಣ ನೆರಳು ಮೇಲಿನ ಷಡ್ಜದ ಮೇಲೆ ಬಿದ್ದದ್ದನ್ನು ಅಕ್ಕೋರು ಅಡುಗೆಮನೆಯಲ್ಲಿ ನಿಂತು ಕೇಳಿದ್ದರು.

ಇದಕ್ಕೆ ಮದ್ದು ಎಲ್ಲ ಪುಸ್ತಕಗಳಲ್ಲೂ ಇದೆ. ಔಟ್‌ಪುಟ್‌ನಲ್ಲಿ ದಪ್ಪ ತಂತಿಯ ಹತ್ತು ಸುತ್ತಿನ ಸಣ್ಣ ಕಾಯಿಲ್ ಹಾಕಬೇಕು. ಶುದ್ಧತೆಯ ಹೆಸರಿನಲ್ಲಿ ನಾನು ಬಿಟ್ಟಿದ್ದು ಅದನ್ನೂ.

ಸ್ಕೋಪಿನ ಮುಂದೆ ಕುಳಿತಿದ್ದವನಿಗೆ ಇನ್ನೊಂದು ಹೊಳೆಯಿತು. ಮುಂಡರಗಿಯ ಪೆಟ್ಟಿಗೆಯೂ ಇದೇ ನಕ್ಷೆಯದು. ಅಲ್ಲಿ ವೇದಿಕೆಯಿಂದ ಸ್ಪೀಕರಿನವರೆಗೆ ಮೂವತ್ತು ಮೀಟರ್ ವೈರಿತ್ತು. ಕಂಪಿಸಿದೆ, ಕಾದಿದೆ, ಸುಟ್ಟಿದೆ. ಕರೆಂಟ್ ಹೆಚ್ಚುಕಮ್ಮಿ ಆದದ್ದಲ್ಲ. ಎರಡು ವರ್ಷ ನಾನು "ರಿಲೇ ಒಂದು ಇರಲಿಲ್ಲ, ಆದರೆ ಮೂಲ ತಪ್ಪು ಕರೆಂಟಿನದು" ಎಂದು ನನಗೇ ಹೇಳಿಕೊಂಡು ಬಂದಿದ್ದೆ. ಈಗ ಆ ಮಾತಿಗೆ ಜಾಗ ಉಳಿಯಲಿಲ್ಲ. ಸ್ಕೋಪು ಆರಿಸಿ ಹೊರಗೆ ಬಂದು ಹೊಲಿಗೆ ಮಷೀನಿನ ಪಕ್ಕ ಕುಳಿತೆ.

ಹೆಂಡತಿಗೆ ಎಲ್ಲ ಹೇಳಿದೆ. ಅವಳು ಮಷೀನ್ ತುಳಿಯುವುದನ್ನು ನಿಲ್ಲಿಸಿದಳು.

"ಸಾಹುಕಾರ್ರಿಗೆ ಆಗೂದಿಲ್ಲ ಅಂತ ಹೇಳಿಬಿಡ್ಲೇನು?" ಎಂದೆ.

"ಹೇಳ್ರಿ. ಆದ್ರ ಮುಂಡರಗಿಗೆ ಏನ್ ಹೇಳ್ತೀರಿ?"

ಮರುದಿನ ಬೆಳಗ್ಗೆ ಮುಂಡರಗಿ ಬಸ್ಸಿನಲ್ಲಿ ಕುಳಿತೆ. ಡಂಬಳದಲ್ಲಿ ಇಳಿದು ತಿರುಗಿ ಬರಬೇಕೆಂದು ಎದ್ದು ನಿಂತಿದ್ದೆ. ಕಂಡಕ್ಟರು, "ಇನ್ನೂ ಮುಂದ ಐತ್ರಿ ನಿಮ್ದು, ಕುಂಡ್ರಿ," ಎಂದ. ಕುಳಿತೆ.

ಹಾರ್ಮೋನಿಯಂ ಬಾರಿಸುತ್ತಿದ್ದ ಆ ಹಿರಿಯರು ಕಟ್ಟೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಪಕ್ಕದಲ್ಲಿ ನಾಲ್ಕು ಕಾಲಿನ ಕೋಲು. ನನ್ನನ್ನು ಗುರುತು ಹಿಡಿದು, "ಏನಪಾ, ಹೊಸಾ ಮಷೀನ್ ತಂದೇನು?" ಎಂದು ನಕ್ಕರು. ನಾನು ನಿಂತುಕೊಂಡೇ ಹೇಳಿದೆ. ಹಾಕಬೇಕಾದ ಎರಡು ವಸ್ತುಗಳನ್ನು ನಾನು ಹಾಕಿರಲಿಲ್ಲವೆಂದು, ಹಾಕಿದ್ದರೆ ಬೆಂಕಿ ಹತ್ತುತ್ತಿರಲಿಲ್ಲವೆಂದು, ಒಂದು ಸಂಗತಿ ನನಗೆ ಅಂದೇ ಗೊತ್ತಿತ್ತೆಂದು.

ಅವರ ನಗೆ ನಿಂತಿತು.

"ಹೇಳಾಕ ಎರಡು ವರ್ಷ ಬೇಕಾತೇನು?"

"ಹೂನ್ರಿ," ಎಂದೆ.

"ಈಗ ಇದನ್ನ ತಗೊಂಡು ನಾ ಏನ್ ಮಾಡ್ಲಿ? ನನ್ನ ಕಾಲು ಬರ್ತೈತೇನು?" ಎಂದರು. ದನಿ ಏರಿಸಲಿಲ್ಲ. ಅದಕ್ಕೇ ಇನ್ನೂ ಹೆದರಿಕೆಯಾಯಿತು. "ಕ್ಷಮಾ ಮಾಡೀನಿ ಅಂತ ಅನಿಸ್ಕೊಂಡು ಹೋಗಾಕ ಬಂದಿದ್ರ, ನಾ ಅನ್ನೂದಿಲ್ಲ."

"ಇಲ್ರಿ," ಎಂದೆ. "ಗೊತ್ತಿರ್ಲಿ ಅಂತ ಬಂದ್ನಿ."

ಅವರು ಕೋಲಿನ ಕಡೆ ಕೈ ಚಾಚಿದರು. ನಾನು ಎತ್ತಿಕೊಟ್ಟೆ. ರಟ್ಟೆ ಹಿಡಿದು ಎಬ್ಬಿಸಲು ಹೋದಾಗ ನನ್ನ ಕೈ ಸರಿಸಿ ತಾವೇ ಎದ್ದರು, ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಹೋದರು. ಬಾಗಿಲಲ್ಲಿ ತಿರುಗಿ, "ಇನ್ನೊಂದು ಕಡೆ ಎಲ್ಲೆರ ಇಂಥದ ಕೊಟ್ಟೀಯೇನು?" ಎಂದು ಕೇಳಿದರು.

"ಒಂದು ಕೊಡೂದೈತ್ರಿ. ಇನ್ನೂ ಕೊಟ್ಟಿಲ್ಲ."

"ಅದನ್ನರ ಸರಿ ಮಾಡು."

ಗದಗಿಗೆ ಬಂದವನು ಆಂಪ್ಲಿಫಾಯರನ್ನು ಪೂರ್ತಿ ಬಿಚ್ಚಿದೆ. ನೂರು ವ್ಯಾಟು ಬೇಡ, ನಲವತ್ತು ಸಾಕು. ಐವತ್ತು ವೋಲ್ಟು ಬೇಡ, ಮೂವತ್ತೈದು. ಟ್ರಾನ್ಸ್‌ಫಾರ್ಮರಿನ ಮೇಲಿನ ಸುತ್ತುಗಳನ್ನು ಬಿಚ್ಚಿ ತೆಗೆದೆ. ಔಟ್‌ಪುಟ್‌ನಲ್ಲಿ ಕಾಯಿಲ್ ಬಂತು. ಆಂಪ್ಲಿಫಾಯರಿನ ವೇಗವನ್ನು ಕಡಿಮೆ ಮಾಡುವ ಕೆಪಾಸಿಟರನ್ನು ದುಪ್ಪಟ್ಟು ಮಾಡಿದೆ. ಕಾವು ನೋಡುವ ಟ್ರಾನ್ಸಿಸ್ಟರನ್ನು ಅಂಟು ನಂಬದೆ ಸ್ಕ್ರೂ ಹಾಕಿ ಹೀಟ್‌ಸಿಂಕಿಗೆ ಬಿಗಿದೆ. ಹೆಣೆದ ವೈರು ಹಚ್ಚಿ ಸ್ಕೋಪಿನಲ್ಲಿ ನೋಡಿದೆ. ಗೆರೆ ನುಣುಪು. ಉಳಿದದ್ದು ರಿಲೇ.

ರಿಲೇ ಹಾಕಿದರೆ ಸಾಲದು. ಅದು ಕೆಲಸ ಮಾಡುತ್ತದೆಂದು ಗೊತ್ತಾಗಬೇಕಾದರೆ ಬೇಕೆಂದೇ ಅನಾಹುತ ಮಾಡಿ ನೋಡಬೇಕು. ಸ್ಪೀಕರಿನ ಬದಲು ಒಂದು ಲಾರಿಯ ಬಲ್ಬು ಹಚ್ಚಿದೆ. ಪೂರ್ತಿ ವೋಲ್ಟೇಜಿನ ವೈರನ್ನು ಔಟ್‌ಪುಟ್‌ಗೆ ಮುಟ್ಟಿಸಬೇಕು. ರಿಲೇ ಕಡಿದರೆ ಬಲ್ಬು ಉರಿಯುವುದಿಲ್ಲ. ವೈರು ಹಿಡಿದ ಕೈ ಮುಂದೆ ಹೋಗಲಿಲ್ಲ. ಮೂರು ಸಲ ಹಿಂದಕ್ಕೆ ತೆಗೆದುಕೊಂಡೆ.

"ನಾ ಮುಟ್ಟಸ್ಲೇನು?" ಎಂದಳು ಹೆಂಡತಿ ಮೇನ್ ಸ್ವಿಚ್ ಬಳಿಯಿಂದ.

ಮುಟ್ಟಿಸಿದೆ. ರಿಲೇ ಟಕ್ ಎಂದಿತು. ಆದರೂ ಬಲ್ಬು ಕಣ್ಣು ಕೋರೈಸುವಂತೆ ಉರಿದು ಒಡೆಯಿತು. ಅವಳು ಸ್ವಿಚ್ ತೆಗೆದಳು. ರಿಲೇಯನ್ನು ಬಿಚ್ಚಿ ನೋಡಿದರೆ ಕರೆಂಟನ್ನು ಕೂಡಿಸಿ ಕಡಿಯುವ ಅದರ ಎರಡು ಲೋಹದ ತುಟಿಗಳು ಕಿಡಿ ಹಾರಿ ಒಂದಕ್ಕೊಂದು ಬೆಸೆದುಕೊಂಡಿದ್ದವು. ಕಡಿಯಬೇಕಾದದ್ದು ಕಡಿಯದೆ ಅಂಟಿಕೊಂಡಿತ್ತು. ಐವತ್ತು ವೋಲ್ಟಿನಲ್ಲಿ, ಲಕ್ಷ್ಮೇಶ್ವರದಲ್ಲಿ, ಇದೇ ರಿಲೇ ಇದ್ದಿದ್ದರೂ ಉಪಯೋಗವಾಗುತ್ತಿರಲಿಲ್ಲ.

ಅದಕ್ಕಿಂತ ಗಟ್ಟಿಯಾದ, ತುಟಿಗಳ ನಡುವೆ ಹೆಚ್ಚು ಅಂತರವಿರುವ ರಿಲೇ ತರಿಸಿದೆ. ಕಡಿದ ಕೂಡಲೇ ಸ್ಪೀಕರಿನ ತುದಿ ನೆಲದ ವೈರಿಗೆ, ಅಂದರೆ ಅರ್ಥಿಂಗಿಗೆ, ಸೇರಿಬಿಡುವಂತೆ ಜೋಡಿಸಿದೆ, ಕಿಡಿ ಹಾರಿದರೂ ಅದು ಸ್ಪೀಕರನ್ನು ಮುಟ್ಟದೆ ನೆಲಕ್ಕೆ ಇಳಿದು ಫ್ಯೂಸ್ ಹಾರುವಂತೆ. ಮತ್ತೆ ಮುಟ್ಟಿಸಿದೆ. ಟಕ್. ಬಲ್ಬು ಮಿಣುಕಲೂ ಇಲ್ಲ. ಇನ್ನೊಮ್ಮೆ. ಇನ್ನೊಮ್ಮೆ. ಹೆಂಡತಿ ಎಣಿಸುತ್ತ ನಿಂತಳು. ಇಪ್ಪತ್ತಕ್ಕೆ, "ಸಾಕ್ರಿ, ಬ್ಲೌಸ್ ಕೊಡೂದೈತಿ," ಎಂದು ಹೋದಳು. ನಾನು ಇನ್ನೂ ಹತ್ತು ಸಲ ಮಾಡಿದೆ.

ಲಕ್ಷ್ಮೇಶ್ವರಕ್ಕೆ ಮತ್ತೆ ಹೋದಾಗ ಪೆಟ್ಟಿಗೆಯನ್ನು ಇಳಿಸುವ ಮೊದಲೇ ಸಾಹುಕಾರರಿಗೆ ಎಲ್ಲ ಹೇಳಿದೆ. ನೂರಲ್ಲ ನಲವತ್ತು ಎಂದೆ. ರಿಲೇ ಇದೆ, ಅದು ಬೇಡವೆಂದರೆ ತಿರುಗಿ ಒಯ್ಯುತ್ತೇನೆ ಎಂದೆ. ಮುಂಡರಗಿಯದನ್ನೂ ಹೇಳಿದೆ. ಅವರ ಮುಖ ಕಪ್ಪಿಟ್ಟಿತು.

"ಮೊದಲ ಯಾಕ ಹೇಳ್ಲಿಲ್ಲ ನೀವು? ನಮ್ಮಕ್ಕ ಕುಂತಿದ್ಲಲ್ರಿ ಆವತ್ತು ಮನ್ಯಾಗ!"

"ಹೆದರಿಕಿ ಆಗಿತ್ರಿ."

"ಯಾರ ಹೆದರಿಕಿ?"

ಅವರು ಎದ್ದು ಅಂಗಳಕ್ಕೆ ಹೋಗಿ ಫೋನು ಹಿಡಿದು ನಿಂತರು. ಯಾರಿಗೂ ಫೋನು ಮಾಡಲಿಲ್ಲ.

ಪಡಸಾಲೆಯಲ್ಲಿ ನಾನು, ಅಕ್ಕೋರು ಇಬ್ಬರೇ ಉಳಿದೆವು. ಅವರು ನೋಟ್‌ಬುಕ್ಕು ತೆಗೆದು ನಿಧಾನವಾಗಿ ಬರೆದರು. ಬರೆದದ್ದನ್ನು ಒಮ್ಮೆ ತಾವೇ ಓದಿಕೊಂಡು ನನ್ನ ಕಡೆ ತಿರುಗಿಸಿದರು.

"ಇದನ್ನ ಕೇಳೂದು ಅವನ ಆಸೆ. ನನ್ನನ್ನ ಯಾರೂ ಕೇಳಿಲ್ಲ. ನಿಮ್ಮ ಮಷೀನ್ ಕೆಟ್ಟದ್ದು ನೋಡಿ ನನಗ ಹಗುರಾತು. ನನ್ನ ದನಿ ಕೇಳಾಕ ನನಗ ಅಂಜಿಕಿ."

"ಮತ್ತ ಆವತ್ತು ತಪ್ಪು ಯಾಕ ತೋರಿಸಿದ್ರಿ ಅಕ್ಕೋರ?" ಎಂದೆ. "ಸುಮ್ಮನಿದ್ದಿದ್ರ ಅದು ಸುಟ್ಟ ಹೋಗ್ತಿತ್ತು. ನೀವು ಮತ್ತ ಕೇಳೂ ಪ್ರಸಂಗನ ಬರ್ತಿದ್ದಿಲ್ಲ."

ಅವರು ಯೋಚಿಸಿದರು. ಆಮೇಲೆ ಮೂರೇ ಶಬ್ದ ಬರೆದರು: "ಷಡ್ಜ ತಪ್ಪಿತ್ತಲ್ಲ, ಅದಕ್ಕ."

ಅವರ ಬೇಡವೆಂಬ ಮಾತಿಗೆ ಕಾದೆ. ಬೇಡವೆಂದಿದ್ದರೆ ಪೆಟ್ಟಿಗೆಯನ್ನು ಟಂಟಂನಿಂದ ಇಳಿಸುತ್ತಲೇ ಇರಲಿಲ್ಲ. ಅವರು ಎದ್ದು ಬಾಗಿಲ ತನಕ ಬಂದು, ಪೆಟ್ಟಿಗೆಯ ಕಡೆ ಬೆರಳು ತೋರಿಸಿ, ಒಳಗೆ ಎಂಬಂತೆ ಸನ್ನೆ ಮಾಡಿದರು. ಅಂಗಳದಲ್ಲಿದ್ದ ಸಾಹುಕಾರರು ಅದನ್ನು ನೋಡಿ ಬಂದು ಇನ್ನೊಂದು ಬದಿ ಹಿಡಿದರು.

ಹಚ್ಚಿದೆ. ರಿಲೇ ಟಕ್ ಎಂದು ಸ್ಪೀಕರನ್ನು ಕೂಡಿಸಿತು. ಮೀಟರಿನ ಎರಡು ಕಡ್ಡಿಗಳನ್ನು ಸ್ಪೀಕರಿನ ತುದಿಗೆ ಹಿಡಿದು ಕುಳಿತೆ. ಹಾಡು ಶುರುವಾಯಿತು. ಅಕ್ಕೋರು ಈ ಸಲ ಅಡುಗೆಮನೆಗೆ ಹೋಗಲಿಲ್ಲ. ಎರಡೂ ಪೆಟ್ಟಿಗೆಗಳ ನಡುವೆ, ಜಮಖಾನೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ನಾನು ಹಾಡು ಕೇಳಲಿಲ್ಲ. ಹನ್ನೊಂದು ಮಿಲಿವೋಲ್ಟು, ಹನ್ನೆರಡು, ಹನ್ನೊಂದು. ಹೀಟ್‌ಸಿಂಕು ಬೆಚ್ಚಗೆ. ಹನ್ನೊಂದು. ಆಲಾಪ ಏರುತ್ತ ಹೋಯಿತು. ಮೇಲಿನ ಷಡ್ಜ ಬಂತು, ನಿಂತಿತು, ಉಸಿರು ಮುಗಿಯುವ ತನಕ ನಿಂತೇ ಇತ್ತು. ನಾನು ಅಕ್ಕೋರ ಕೈ ನೋಡುತ್ತಿದ್ದೆ. ಅದು ಏಳಲಿಲ್ಲ.

ಅವರ ಭುಜ ಅಲುಗತೊಡಗಿದ್ದು ಆಮೇಲೆ. ವೇಗದ ದ್ರುತ್ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಮೊದಲು ಸಣ್ಣಗೆ, ಆಮೇಲೆ ಇಡೀ ಮೈ. ಸಾಹುಕಾರರು ಗಾಬರಿಯಾಗಿ, "ಅಕ್ಕಾ, ಅಳಬ್ಯಾಡವಾ, ನಿಲ್ಲಸ್ತೀನಿ ತಡಿ," ಎಂದು ಎದ್ದರು. ನಾನು ಮೀಟರ್ ಕೆಳಗಿಟ್ಟು ಸ್ವಿಚ್ಚಿನ ಕಡೆ ಧಾವಿಸಿದೆ.

ಅವರು ತಿರುಗಿದರು. ಅಳುತ್ತಿರಲಿಲ್ಲ. ಕಣ್ಣಲ್ಲಿ ನೀರಿತ್ತು, ಆದರೆ ಬಾಯಿ ತುಂಬ ನಗೆ. ಸದ್ದೇ ಇಲ್ಲದ ನಗೆ, ಕೊರಳ ಬಟ್ಟೆ ಉಸಿರಿಗೆ ಪಟಪಟ ಹಾರುತ್ತಿತ್ತು. ನೋಟ್‌ಬುಕ್ಕು ಎಳೆದುಕೊಂಡು ಗೀಚಿ ನಮ್ಮಿಬ್ಬರ ಮುಂದೆ ಹಿಡಿದರು.

"ಕೇಳಿದ್ರೇನು? ತಾನ ಬಿಟ್ಟು, ತಾಳ ಶುರುವಾಗೂ ಸಮಕ್ಕ ಒಂದು ಮಾತ್ರಾ ಮೊದಲ ಬಿದ್ದೀನಿ. ತಬಲಾದವ ಮುಚ್ಚಿ ಹಾಕ್ಯಾನ. ಅಪ್ಪಗೂ ಗೊತ್ತಾಗಿದ್ದಿಲ್ಲ. ಹಿಂದಕ ತರ್ರಿ, ಇನ್ನೊಮ್ಮೆ ಹಚ್ಚ್ರಿ."

ನಾನು ಹಿಂದಕ್ಕೆ ತಂದೆ. ಮೀಟರು ಕೈಗೆ ತೆಗೆದುಕೊಳ್ಳಬೇಕೆನಿಸಿತು. ಅದನ್ನು ನೆಲದ ಮೇಲೆಯೇ ಬಿಟ್ಟು, ಸಾಹುಕಾರರ ಪಕ್ಕದಲ್ಲಿ ಜಮಖಾನೆಯ ಅಂಚಿಗೆ ಕುಳಿತೆ. ಅಕ್ಕೋರು ತೊಡೆಯ ಮೇಲೆ ತಾಳ ಹಾಕತೊಡಗಿದರು, ಆ ತಪ್ಪು ಬರುವ ಜಾಗಕ್ಕಾಗಿ ಕಾಯುತ್ತ.